ಆಲಿಕಲ್ಲು ಬಿದ್ದ ಮಾರನೆಯ ಬೆಳಗ್ಗೆ

ಹೋದ ಮಾರ್ಚಿನಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ನಮ್ಮ ಬಸ್ಸು ಮಳೆಗೆ ಸಿಕ್ಕಿ ನಿಂತುಬಿಟ್ಟಿತು. ಬೇಸಿಗೆಯ ಮೊದಲ ಮಳೆ. ಸ್ವಲ್ಪ ಹೊತ್ತು ಸುರಿದರೆ ಸಾಕು, ಈ ಊರಿನಲ್ಲಿ ರಸ್ತೆಯೇ ಕೆರೆ. ಕೆರೆಯನ್ನೇ ರಸ್ತೆ ಮಾಡಿಕೊಂಡವರಿಗೆ ಇನ್ನೇನು ಸಿಗಬೇಕು ಹೇಳಿ. ಕಿಟಕಿಯ ಪಕ್ಕದಲ್ಲಿ ಒಂದು ತಳ್ಳುಗಾಡಿ ಮಗುಚಿಕೊಂಡಿತ್ತು. ದ್ರಾಕ್ಷಿ. ಫ್ರಿಜ್ಜಿನಿಂದ ತೆಗೆದು ತಿನ್ನುವ ಬೀಜವಿಲ್ಲದ ಹಸಿರು ದ್ರಾಕ್ಷಿಯಲ್ಲ. ದಪ್ಪ ಸಿಪ್ಪೆಯ, ಬೀಜವಿರುವ, ತಿಂದರೆ ನಾಲಿಗೆ ನೀಲಿಯಾಗುವ ನಮ್ಮ ಸೀಮೆಯ ಕಪ್ಪು ದ್ರಾಕ್ಷಿ. ಗಾಡಿಯವನು ಒಂದು ಕೈಯಲ್ಲಿ ಪ್ಲಾಸ್ಟಿಕ್ ಹಾಳೆ ಹಿಡಿದು ಇನ್ನೊಂದು ಕೈಯಲ್ಲಿ ಗೊಂಚಲು ಆಯ್ದುಕೊಳ್ಳುತ್ತಿದ್ದ. ಅಷ್ಟರಲ್ಲಿ ಮೋಟಾರು ಬೈಕುಗಳೆಲ್ಲ ಅದರ ಮೇಲೆಯೇ ಹರಿದುಹೋದವು.

ಒದ್ದೆ ಮಣ್ಣು ಮತ್ತು ಒಡೆದ ದ್ರಾಕ್ಷಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದಿನ ಸೀಟಿಗೆ ಹಣೆ ಆನಿಸಿದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, "ಆಂಟಿ, ನೀರು ಬೇಕಾ?" ಎಂದಳು. ಎಪ್ಪತ್ತೈದು ದಾಟಿದವಳನ್ನು ಆಂಟಿ ಎಂದ ಪುಣ್ಯಾತ್ಗಿತ್ತಿ ಚೆನ್ನಾಗಿರಲಿ. ನಾನು ಹೆಬ್ಬಾಳದಲ್ಲೇ ಇಳಿದು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಇಳಿಯಲಿಲ್ಲ. ಕಂಡಕ್ಟರನ್ನು ಕರೆದು ಯಲಹಂಕಕ್ಕೆ ಟಿಕೆಟ್ಟು ಮುಂದುವರಿಸಿಕೊಂಡೆ. ನಂಜಿಯನ್ನು ನೋಡಬೇಕು ಅನ್ನಿಸಿತ್ತು. ಆ ವಾಸನೆ ನನಗೆ ಒಂದೇ ಒಂದು ವರ್ಷದ್ದು, ಒಬ್ಬಳೇ ಒಬ್ಬ ಹುಡುಗಿಯದು.

ಆ ಕಾಲದಲ್ಲಿ ಯಲಹಂಕ ಬೆಂಗಳೂರಲ್ಲ. "ಬೆಂಗಳೂರಿಗೆ ಹೋಗಿಬರ್ತೀವಿ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿ, ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ ಊರು ಅದು. ನಮ್ಮಪ್ಪ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ಯಾವ ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವ ಕೆಲಸ. ಹಿಂದೂಪುರದ ಕಡೆಯವರಾದ ನಮ್ಮ ಮನೆಯಲ್ಲಿ ತೆಲುಗು, ಪಕ್ಕದ ಕ್ವಾರ್ಟರ್ಸಿನಲ್ಲಿ ತಮಿಳು, ಹಾಲು ಹಾಕುವವರ ಬಾಯಲ್ಲಿ ಉರ್ದು. ಇಷ್ಟನ್ನೂ ಒಂದೇ ಒಲೆಯ ಮೇಲಿಟ್ಟು ಕನ್ನಡ ಕುದಿಸಿ ಬಡಿಸುತ್ತಿದ್ದದ್ದು ಊರಂಚಿನ ಸರ್ಕಾರಿ ಮಾಧ್ಯಮಿಕ ಶಾಲೆ. ಶಾಲೆಯ ಹೆಸರು ಬೇಡ. ಈಗಿರುವವರಿಗೆ ಸುಮ್ಮನೆ ಮುಜುಗರ.

ನಮ್ಮ ಎಂಟನೇ ತರಗತಿಯಲ್ಲಿ ಬೆಂಚುಗಳಿಗೇ ಹೆಸರಿದ್ದವು. ನಾನು ಕೂರುತ್ತಿದ್ದದ್ದು ಟೇಸನ್ ಬೆಂಚು, ಅಂದರೆ ರೈಲ್ವೆಯವರ ಮಕ್ಕಳದು. ಅಂಗಡಿ ಬೀದಿಯ ಮಕ್ಕಳದು ಪೇಟೆ ಬೆಂಚು. ತರಕಾರಿ, ದ್ರಾಕ್ಷಿ ಬೆಳೆಯುವವರ ಮಕ್ಕಳದು ತೋಟದ ಬೆಂಚು. ಕೊನೆಯದು, ಗೋಡೆಗೆ ಒತ್ತಿಕೊಂಡಿದ್ದದ್ದು, ಬಂಡೆ ಬೆಂಚು. ಕಲ್ಲು ಒಡೆಯುವವರ ಮಕ್ಕಳು ಅಲ್ಲಿ ಕೂರುತ್ತಿದ್ದರು. ಯಾರೂ ಹೀಗೆ ಕೂರಿ ಎಂದು ಹೇಳಿದ್ದಲ್ಲ. ಯಾರೂ ಬೇರೆ ಥರ ಕೂರಿ ಎಂದೂ ಹೇಳಲಿಲ್ಲ. ನಾವು ನಾಲ್ಕೇ ಹುಡುಗಿಯರು. ಹುಡುಗರ ಕಣ್ಣಿಗೆ ಬೀಳದಂತೆ ಆಯಾ ಬೆಂಚಿನ ತುದಿಯಲ್ಲಿ ಮುದುಡಿಕೊಂಡಿದ್ದೆವು.

ನಮ್ಮ ಹೆಡ್‌ಮೇಷ್ಟ್ರು ನರಹರಿ ಮೇಷ್ಟ್ರು. ಪಂಚೆಯ ಮೇಲೆ ಕರಿ ಕೋಟು, ಹೆಗಲಿಗೆ ಟವೆಲ್ಲು, ಕೆಳಗೊಂದು ಸೈಕಲ್ಲು. ಆ ಸೈಕಲ್ಲಿನ ಸ್ಟ್ಯಾಂಡು ಎಷ್ಟು ಬಿಗಿಯೆಂದರೆ ಹಾಕುವಾಗಲೂ ಟಣ್, ತೆಗೆಯುವಾಗಲೂ ಟಣ್. ಬೆಳಗ್ಗೆ ಆ ಸದ್ದು ಕೇಳಿದರೆ ಇಡೀ ಶಾಲೆ ಬಾಯಿ ಮುಚ್ಚುತ್ತಿತ್ತು, ಸಂಜೆ ಅದೇ ಸದ್ದು ಕೇಳಿದರೆ ಬಾಯಿ ಬಿಡುತ್ತಿತ್ತು. ಮೇಷ್ಟ್ರು ಒಳ್ಳೆಯವರು. ಹೊಡೆದದ್ದು ಕಡಿಮೆ, ಕಲಿಸಿದ್ದು ಹೆಚ್ಚು. ಆದರೆ ಅವರಿಗೆ ಒಂದು ಹುಚ್ಚಿತ್ತು. ಎಲ್.ಎಸ್. ಎಂದು ಕರೆಯುತ್ತಿದ್ದ ಎಂಟನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ತಮ್ಮ ಶಾಲೆಗೆ ನೂರಕ್ಕೆ ನೂರು ಬರಬೇಕು. ಒಬ್ಬನೂ ಫೇಲಾಗಬಾರದು.

ಒಬ್ಬನೂ ಫೇಲಾಗದಿರಲು ಎರಡು ದಾರಿ. ಎಲ್ಲರಿಗೂ ಕಲಿಸುವುದು ಒಂದು. ಫೇಲಾಗುವವರನ್ನು ಪರೀಕ್ಷೆಗೇ ಕೂರಿಸದಿರುವುದು ಇನ್ನೊಂದು. ಮೇಷ್ಟ್ರು ಎರಡನ್ನೂ ಶ್ರದ್ಧೆಯಿಂದ ಮಾಡಿದರು. ಸಂಕ್ರಾಂತಿ ಕಳೆದ ಮೇಲೆ ಸೈಕಲ್ಲು ಹತ್ತಿ ಕಲ್ಲುಬಂಡೆಯ ಹತ್ತಿರದ ಗುಡಿಸಲುಗಳಿಗೆ ಒಂದೊಂದಾಗಿ ಹೋದರು. "ಈ ವರ್ಷ ಕಳಿಸಬೇಡಿಪ್ಪ. ಇನ್ನೂ ಪಕ್ವ ಆಗಿಲ್ಲ. ಮುಂದಿನ ವರ್ಷ ಬರೀಲಿ, ನಾನೇ ಬರೆಸ್ತೀನಿ." ಎದುರಿಗಿದ್ದವರು ಕೈಮುಗಿದು ಆಗಲಿ ಸಾಮಿ ಅಂದರು. ಗುರುಗಳು ಮನೆ ಬಾಗಿಲಿಗೆ ಬಂದು ಹೇಳಿದ್ದಾರೆ, ಇಲ್ಲ ಅನ್ನುವುದು ಹೇಗೆ? ಫೆಬ್ರುವರಿಯ ಹೊತ್ತಿಗೆ ಬಂಡೆ ಬೆಂಚು ಖಾಲಿ. ಅವರ ಮುಂದಿನ ವರ್ಷ ಬರಲೇ ಇಲ್ಲ. ನಾನು ಅಪ್ಪನಿಗೆ ಊಟ ಕೊಂಡೊಯ್ಯುವಾಗ ಅವರಲ್ಲಿ ಒಬ್ಬ ಹಳಿಯ ಪಕ್ಕ ಜಲ್ಲಿ ಒಡೆಯುತ್ತಿದ್ದ. ನನ್ನನ್ನು ಕಂಡರೆ ಸುತ್ತಿಗೆ ಎತ್ತಿ ತೋರಿಸಿ ನಗುತ್ತಿದ್ದ, ಅದೇನೋ ಬಹುಮಾನ ಬಂದವನ ಹಾಗೆ.

ಇನ್ನು ನಂಜಿ. ಪೂರ್ತಿ ಹೆಸರು ನಂಜಮ್ಮ. ಚಿಕ್ಕಜಾಲದ ದಾರಿಯಲ್ಲಿ ಎರಡು ಮೈಲಿ ಹೋದರೆ ಅವರ ದ್ರಾಕ್ಷಿ ತೋಟ. ತಂದೆ ತೀರಿಕೊಂಡಿದ್ದರು, ತೋಟ ನೋಡಿಕೊಳ್ಳುತ್ತಿದ್ದವನು ಅವಳ ಸೋದರಮಾವ, ತಾಯಿಯ ತಮ್ಮ, ಬಚ್ಚಪ್ಪ. ತಾಯಿ ಪಿಳ್ಳಮ್ಮ. ನಂಜಿ ಕಪ್ಪಗೆ, ಎತ್ತರಕ್ಕೆ, ಎರಡು ಜಡೆ ಹಾಕಿಕೊಂಡು, ತಲೆಯ ಮೇಲೆ ಏನೋ ಹೊತ್ತವಳಂತೆ ನೆಟ್ಟಗೆ ನಡೆದು ಬರುತ್ತಿದ್ದಳು. ನಿಜವಾಗಿ ಹೊತ್ತೂ ಇರುತ್ತಿದ್ದಳು: ಬೆಳಗ್ಗೆ ಒಂದು ಬುಟ್ಟಿ ದ್ರಾಕ್ಷಿಯನ್ನು ಸ್ಟೇಷನ್ನಿನಲ್ಲಿ ಇಳಿಸಿ, ಸಿಂಬೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಶಾಲೆಗೆ ಬರುವುದು. ಸೇರು ಹೋಗಿ ಕಿಲೋ ಬರುತ್ತಿದ್ದ ಗೊಂದಲದ ಕಾಲ ಅದು. ಮಣಕ್ಕೆಷ್ಟು ಕಿಲೋ ಎಂದು ನಾವು ಬೆರಳು ಮಡಿಸುತ್ತ ಕೂತರೆ ಅವಳು ಆಗಲೇ ಉತ್ತರ ಹೇಳಿ ಕಿಟಕಿಯ ಆಚೆ ನೋಡುತ್ತಿದ್ದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚೂ ಇತ್ತು, ಪ್ರಾಣವೂ ಇತ್ತು.

ಒಂದು ದಿನ ಮೇಷ್ಟ್ರು ವಿಜ್ಞಾನದ ಪಾಠದಲ್ಲಿ ಆಲಿಕಲ್ಲು ಹೇಗೆ ಆಗುತ್ತದೆ ಎಂದು ಕೇಳಿದರು. ಪೇಟೆ ಬೆಂಚಿನ ಒಬ್ಬ ಇಂದ್ರನ ವಿಷಯ ಶುರುಮಾಡಿದ. ನಂಜಿ ಎದ್ದು ನಿಂತಳು.

"ಹನಿ ಕೆಳಗೆ ಬೀಳಕ್ಕೆ ಬರ್ತದೆ ಸಾ, ಗಾಳಿ ಅದನ್ನ ಮತ್ತೆ ಮೇಲಕ್ಕೆ ಎತ್ತಿಬಿಡ್ತದೆ. ಮೇಲೆ ಚಳಿ, ಗಟ್ಟಿಯಾಗ್ತದೆ. ಮತ್ತೆ ಬೀಳ್ತದೆ, ಮತ್ತೆ ಎತ್ತುತದೆ. ಈರುಳ್ಳಿ ಇದ್ದಂಗೆ ಪದರ ಪದರ ಸಾ. ಹೋದ್ ವರ್ಸ ನಮ್ ತೋಟದಾಗೆ ಬಿದ್ದದ್ದನ್ನ ಕುಡ್ಲಲ್ಲಿ ಎರಡು ಹೋಳು ಮಾಡಿ ನೋಡಿವ್ನಿ."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಆಮೇಲೆ ಹೇಳಿದರು, "ನೀನು ಎಲ್.ಎಸ್. ಪಾಸಾಗು ಮಗು. ಟ್ರೈನಿಂಗಿಗೆ ನಾನು ಸೇರಿಸ್ತೀನಿ. ಈ ಸ್ಕೂಲಿಗೆ ಮೊದಲ ಮೇಷ್ಟ್ರಮ್ಮ ನೀನೇ ಆಗಬೇಕು." ನಮ್ಮ ಶಾಲೆಯಲ್ಲಿ ಒಬ್ಬ ಹೆಂಗಸೂ ಪಾಠ ಹೇಳುತ್ತಿರಲಿಲ್ಲ. ಅಂಥದೊಂದು ಆಗಬಹುದು ಎಂದೇ ನಮಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ನಂಜಿ ಸಂಜೆ ಮನೆಗೆ ಹೋಗಿ ತಾಯಿಗೆ ಈ ಮಾತು ಹೇಳಿದಳಂತೆ. ಪಿಳ್ಳಮ್ಮ ಆವತ್ತಿನಿಂದ ಮಗಳನ್ನು ಮನೆಯಲ್ಲೂ ಮೇಷ್ಟ್ರಮ್ಮ ಎಂದೇ ಕರೆಯಲು ಶುರುಮಾಡಿದಳು.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ನಂಜಿ ಬೆಂಚಿನಿಂದ ಏಳಲಿಲ್ಲ. ನನ್ನನ್ನು ಕಣ್ಣಲ್ಲೇ ಕರೆದಳು. ಅವಳ ಮುಖ ನೋಡಿದ ಮೇಲೆ ಅರ್ಥವಾಯಿತು. ಎಲ್ಲರೂ ಹೋದ ಮೇಲೆ ನನ್ನ ದಾವಣಿಯನ್ನು ಅವಳ ಸೊಂಟಕ್ಕೆ ಸುತ್ತಿ, ಬೇಲಿ ಪಕ್ಕದಲ್ಲೇ ನಡೆಸಿಕೊಂಡು ಮನೆ ಮುಟ್ಟಿಸಿದೆ. ಅವರಲ್ಲಿ ಹುಡುಗಿ ದೊಡ್ಡವಳಾದರೆ ಸೋದರಮಾವನಿಗೆ ಮೊದಲು ಹೇಳಬೇಕು. ಅವನು ಹಸಿ ಸೊಪ್ಪು ಕಡಿದು ತಂದು ಅಂಗಳದಲ್ಲಿ ಗುಡ್ಲು ಹಾಕಬೇಕು. ಹುಡುಗಿ ಅದರೊಳಗೆ ಕೂರಬೇಕು. ಮುಗಿದ ಮೇಲೆ ಗುಡ್ಲನ್ನು ಸುಡುತ್ತಾರೆ. ಅಲ್ಲಿಗೆ ಸಾಮಾನ್ಯವಾಗಿ ಶಾಲೆಯೂ ಮುಗಿಯಿತು. ಗುಡ್ಲಿನಿಂದ ಎದ್ದುಬಂದ ಹುಡುಗಿ ಸ್ಲೇಟು ಹಿಡಿದದ್ದನ್ನು ನಾನು ಆ ಸುತ್ತಿನಲ್ಲಿ ಕಂಡಿರಲಿಲ್ಲ.

ಪಿಳ್ಳಮ್ಮ ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ತೋಟದ ಕಡೆ ನೋಡಿದಳು. ಬಚ್ಚಪ್ಪ ದೂರದಲ್ಲಿ ಬಳ್ಳಿಗೆ ಮದ್ದು ಹೊಡೆಯುತ್ತಿದ್ದ.

"ಯಾರ್‌ಗೂ ಏಳ್‌ಬ್ಯಾಡ ಕಣವ್ವ," ಎಂದಳು ನನಗೆ. "ಪರೀಕ್ಸೆ ಮುಗೀಲಿ. ಆಮ್ಯಾಕೆ ನಾನೇ ಏಳ್ತೀನಿ, ಇವತ್ತೇ ಆಯ್ತು ಅಂತ. ದ್ಯಾವ್ರು ಒಂದ್ ತಿಂಗ್ಳು ಕಣ್ ಮುಚ್ಕಂಡಿರಾಕಿಲ್ವಾ?" ಆಮೇಲೆ ನಂಜಿಯ ಕಡೆ ತಿರುಗಿ, "ನೀನು ಮಾತ್ರ ಬಳ್ಳಿ ತಾವ ಓಗ್‌ಬ್ಯಾಡ. ಶಾಸ್ತ್ರ ಆಗ್ದೆ ಬಳ್ಳಿ ಮುಟ್ಟಿದ್ರೆ ತೋಟಕ್ಕಾಗಲ್ಲ," ಎಂದಳು.

ಅಷ್ಟು ಧೈರ್ಯದ ಹೆಂಗಸು ಅಷ್ಟನ್ನು ಮಾತ್ರ ದಾಟಲಾರದೆ ಹೋದಳು. ತಮ್ಮನಿಗೆ, ಊರಿಗೆ, ದೇವರಿಗೆ ಮುಚ್ಚಿಡಬಲ್ಲಳು. ಬಳ್ಳಿಗೆ ಮಾತ್ರ ಮುಚ್ಚಿಡಲಾರಳು. ಕೊಯ್ಲಿನ ಕಾಲ ಬಂತು. ನಂಜಿ ತೋಟಕ್ಕೆ ಇಳಿಯಲಿಲ್ಲ. ಬಚ್ಚಪ್ಪ ಕರೆದರೆ ಪಿಳ್ಳಮ್ಮನೇ, "ಅವ್ಳು ಓದ್ಕಬೇಕು, ಬಿಡು," ಎಂದು ಅಡ್ಡ ನಿಲ್ಲುತ್ತಿದ್ದಳು. ಅವನು ಹೆಚ್ಚು ಮಾತಿನವನಲ್ಲ. ತಲೆಗೆ ವಸ್ತ್ರ ಸುತ್ತಿಕೊಂಡು, ಯಾರನ್ನೂ ನೇರ ನೋಡದೆ ಓಡಾಡುತ್ತಿದ್ದ. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ನಂಜಿಯನ್ನು ಕೊನೆಗೆ ಅವನಿಗೇ ಕೊಡುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಗುಡ್ಲು ಹಾಕಲು ಕಾದು ನಿಂತ ಮಾವ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಮಾರ್ಚಿನ ಕೊನೆಯಲ್ಲಿ ಪರೀಕ್ಷೆ. ಸುತ್ತಮುತ್ತಲ ಶಾಲೆಗಳಿಗೆಲ್ಲ ನಮ್ಮ ಶಾಲೆಯೇ ಕೇಂದ್ರ. ಕನ್ನಡ ಆಯಿತು, ಇಂಗ್ಲಿಷ್ ಆಯಿತು, ವಿಜ್ಞಾನ, ಸಮಾಜ ಎಲ್ಲ ಆದವು. ನಂಜಿ ಪ್ರತಿ ದಿನವೂ ಹೊರಗೆ ಬಂದು ಸುಮ್ಮನೆ ನಗುತ್ತಿದ್ದಳು. ಅಂದರೆ ಎಲ್ಲ ಬರೆದಿದ್ದಾಳೆ. ಉಳಿದದ್ದು ಸೋಮವಾರದ ಗಣಿತ ಒಂದೇ. ಅದು ಅವಳಿಗೆ ಪರೀಕ್ಷೆಯೇ ಅಲ್ಲ, ಹಬ್ಬ.

ಭಾನುವಾರ ಮಧ್ಯಾಹ್ನ ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟಿತು. ಹಣ್ಣಾದ ದ್ರಾಕ್ಷಿಗೆ ಆ ಮೋಡಕ್ಕಿಂತ ಬೇರೆ ಯಮನಿಲ್ಲ. ನೀರು ಬಿದ್ದರೆ ಸಿಪ್ಪೆ ಬಿರಿಯುತ್ತದೆ. ಬಚ್ಚಪ್ಪ ಸಿಕ್ಕಸಿಕ್ಕವರನ್ನೆಲ್ಲ ಕೂಗಿದ. ಕೂಲಿಯವರು, ಪಕ್ಕದ ತೋಟದವರು, ದಾರಿಯಲ್ಲಿ ಹೋಗುತ್ತಿದ್ದವರು ಎಲ್ಲ ಇಳಿದರು. ನಂಜಿ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. "ಬಾರಮ್ಮಿ, ಕೈ ಆಕು!" ಎಂದು ಮಾವ ಕೂಗಿದಾಗ ಪಿಳ್ಳಮ್ಮನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಊರೇ ನೋಡುತ್ತಿರುವಾಗ ಯಾವ ನೆಪ ಹೇಳುವುದು? ನಂಜಿ ಪುಸ್ತಕ ಕೆಳಗಿಟ್ಟು ಬಳ್ಳಿಗಳ ನಡುವೆ ಹೋದಳು. ಅವಳು ಕೊಯ್ದದ್ದು ಕೆಲವೇ ಬುಟ್ಟಿ.

ನಮ್ಮ ಕ್ವಾರ್ಟರ್ಸಿನ ತಗಡಿನ ಮೇಲೆ ಮೊದಲ ಆಲಿಕಲ್ಲು ಬಿದ್ದಾಗ ಯಾರೋ ಕಲ್ಲು ಹೊಡೆದರು ಎಂದು ಅಮ್ಮ ಹೊರಗೆ ಬಂದು ಬೈಯತೊಡಗಿದಳು. ಆಮೇಲೆ ಮಾತೇ ಕೇಳಿಸಲಿಲ್ಲ. ಅಂಗಳ ಬೆಳ್ಳಗಾಯಿತು. ನಾವು ಮಕ್ಕಳು ಲೋಟದಲ್ಲಿ ತುಂಬಿಕೊಂಡು ಕುಣಿದೆವು. ನಾನು ಒಂದನ್ನು ಕತ್ತರಿಸಿ ನೋಡಿದೆ, ನಂಜಿ ಹೇಳಿದಂತೆಯೇ ಪದರ ಪದರ. ನಾಳೆ ಅವಳಿಗೆ ಹೇಳಬೇಕು ಅಂದುಕೊಂಡೆ.

ತೋಟದಲ್ಲಿ ನಡೆದದ್ದು ಆಮೇಲೆ ಕೂಲಿಯವರ ಬಾಯಿಂದ ಊರಿಗೆಲ್ಲ ತಿಳಿಯಿತು. ಮಳೆ ನಿಂತ ಮೇಲೆ ಒಂದು ಎಲೆ ನೆಟ್ಟಗಿರಲಿಲ್ಲವಂತೆ. ಪಿಳ್ಳಮ್ಮ ಕೆಸರಿನಲ್ಲಿ ಕೂತು ತಲೆ ಬಡಿದುಕೊಂಡು ಎಲ್ಲವನ್ನೂ ಎಲ್ಲರ ಎದುರಿಗೂ ಹೇಳಿಬಿಟ್ಟಳಂತೆ. "ನಾನೇ ಮುಚ್ಚಿಟ್ಟೆ, ನಾನೇ ಬಳ್ಳಿ ಮುಟ್ಟಿಸ್ದೆ, ತೋಟ ತಿಂದೋಳು ನಾನೇ." ಬಚ್ಚಪ್ಪ ಮಚ್ಚು ತೆಗೆದುಕೊಂಡು ಹೋಗಿ ಅತ್ತಿಸೊಪ್ಪು ಕಡಿದು ತಂದು, ದೀಪ ಹಚ್ಚುವ ಹೊತ್ತಿಗೆ ಗುಡ್ಲು ಹಾಕಿದನಂತೆ. ಮಗಳು ತಾನಾಗಿಯೇ ಹೋಗಿ ಒಳಗೆ ಕೂತಳಂತೆ.

ಸೋಮವಾರ ಬೆಳಗ್ಗೆ ನಮಗೆ ಇದೊಂದೂ ಗೊತ್ತಿಲ್ಲ. ಶಾಲೆಯ ಮುಂದೆ ಎಲ್ಲರೂ ಇದ್ದರು, ನಂಜಿ ಇರಲಿಲ್ಲ. ಪರೀಕ್ಷೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಮೇಷ್ಟ್ರು ಗೇಟಿಗೂ ಬಾಗಿಲಿಗೂ ಓಡಾಡಿದರು. ಕೊನೆಗೆ ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಸೈಕಲ್ಲಿನ ಕ್ಯಾರಿಯರಿನ ಮೇಲೆ ಹಾಸಿ ಕಟ್ಟಿದರು. ಹುಡುಗಿಗೆ ಕಬ್ಬಿಣ ಚುಚ್ಚಬಾರದಲ್ಲ. "ಕರ್ಕೊಂಡು ಬಂದುಬಿಡ್ತೀನಿ," ಎಂದು ನನಗೇ ಹೇಳಿ, ಕೆಸರು ರಸ್ತೆಯಲ್ಲಿ ತುಳಿಯುತ್ತ ಹೋದರು. ನನಗೆ ಎಷ್ಟು ನಿರಾಳವಾಯಿತೆಂದರೆ ಹೋಗಿ ನೀರು ಕುಡಿದು ಬಂದೆ.

ಗಂಟೆ ಹೊಡೆಯುವ ಸ್ವಲ್ಪ ಮೊದಲು ಮೇಷ್ಟ್ರು ವಾಪಸು ಬಂದರು. ಟವೆಲ್ಲು ಮಡಿಸಿದ್ದು ಮಡಿಸಿದಂತೆಯೇ ಇತ್ತು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು. ನನ್ನ ಮುಂದಿನ ಜಾಗ ಖಾಲಿ ಇಟ್ಟುಕೊಂಡೇ ನಾನು ಗಣಿತ ಬರೆದೆ. ಏನು ಬರೆದೆನೋ.

ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಬೇವಿನ ಮರದ ಹತ್ತಿರ ಕರೆದರು.

"ಮನೆ ಮುಂದೆ ಸೊಪ್ಪಿನ ಗುಡ್ಲು ಹಾಕಿದಾರಮ್ಮ. ಅದನ್ನು ನೋಡಿದ ಮೇಲೆ ಗಂಡಸರು ಏನೂಂತ ಕೇಳೋದು? ಅವಳ ಮಾವ ನಿಂತಿದ್ದ. ಅವನಾಗಿ ಏನೂ ಹೇಳಲಿಲ್ಲ. ಹುಷಾರಾಗಿದಾಳಾ ಅಂತ ಕೇಳಿದೆ, ಊಂ ಅಂದ. ಬಂದುಬಿಟ್ಟೆ." ಕೋಟಿನ ಗುಂಡಿಯನ್ನು ಹಾಕಿದರು, ಬಿಚ್ಚಿದರು. "ನೀನು ಹೋಗಬಹುದು. ಹೋಗಿ ನೋಡ್ಕೊಂಡು ಬಾ."

ಹೋದೆ. ಇನ್ನೂ ತೋಟ ಕಾಣುವ ಮೊದಲೇ ವಾಸನೆ ಎದುರು ಬಂತು. ಹುಳಿ, ಸಿಹಿ, ಕೆಸರು ಎಲ್ಲ ಸೇರಿದ ವಾಸನೆ. ಬಳ್ಳಿಗಳ ಕೆಳಗೆ ಹೆಜ್ಜೆ ಇಟ್ಟಲ್ಲೆಲ್ಲ ಹಣ್ಣು ಪಚಕ್ಕೆನ್ನುತ್ತಿತ್ತು. ಪಿಳ್ಳಮ್ಮ ಜಗುಲಿಯಲ್ಲಿ ಗೋಡೆ ನೋಡಿಕೊಂಡು ಮಲಗಿದ್ದಳು. ಬಚ್ಚಪ್ಪ ಮುರಿದ ಚಪ್ಪರದ ಕಂಬ ನೆಡುತ್ತಿದ್ದವನು ನನ್ನನ್ನು ಕಂಡು ಗುಡ್ಲಿನ ಕಡೆ ಕೈ ತೋರಿಸಿ ಆಚೆ ಹೋದ.

ನಂಜಿ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಶಾಲೆಗೆ ಹಾಕಿಕೊಂಡು ಬರುವ ನೀಲಿ ಲಂಗ. ಎರಡು ಜಡೆ ಬಿಗಿಯಾಗಿ ಹೆಣೆದಿತ್ತು. ಪಕ್ಕದಲ್ಲಿ ಪೆನ್ನು, ಅದಕ್ಕೆ ಶಾಯಿ ತುಂಬಿ, ನಿಬ್ಬು ಒರೆಸಿ ಇಟ್ಟದ್ದು. ಗುಡ್ಲಿನಲ್ಲಿ ಕೂತವಳಿಗೆ ಇದೆಲ್ಲ ಏಕೆ ಎಂದು ಆಗ ನನಗೆ ಅನ್ನಿಸಿತು, ಕೇಳಲು ಹೋಗಲಿಲ್ಲ. ಅವಳೂ ಅಳಲಿಲ್ಲ. "ಪ್ರಶ್ನೆಪತ್ರಿಕೆ ತಂದ್ಯೇನೆ?" ಎಂದಳು.

ಕೊಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ; ಗುಡ್ಲಿನೊಳಗಿನದೆಲ್ಲ ಸುಡುವುದೇ ಆದ್ದರಿಂದ ಒಳ್ಳೆಯ ಕಾಗದ ಅವಳ ಹತ್ತಿರ ಇರಲಿಲ್ಲ. ಒಂದು ಇದ್ದಿಲ ಚೂರು ತೆಗೆದುಕೊಂಡು ಸಗಣಿ ಸಾರಿಸಿದ ನೆಲದ ಮೇಲೆಯೇ ಲೆಕ್ಕ ಮಾಡಿದಳು. ಜಾಗ ಮುಗಿದಂತೆ ಚಾಪೆಯನ್ನು ಹಿಂದಕ್ಕೆ ಸರಿಸಿಕೊಳ್ಳುತ್ತ ಒಂದಾದ ಮೇಲೊಂದು. ನಾನು ಬರೆದದ್ದರಲ್ಲಿ ಎರಡು ತಪ್ಪೆಂದು ನನಗೆ ಅಲ್ಲೇ ಗೊತ್ತಾಯಿತು. ಅವಳದು ಒಂದೂ ತಪ್ಪಿರಲಿಲ್ಲ. ಕೊನೆಯದು ಮುಗಿಸಿ, ಕೈಗೆ ಹತ್ತಿದ ಮಸಿಯನ್ನು ನೋಡಿಕೊಂಡು, "ಸುಲಭ ಇತ್ತು ಬಿಡು," ಎಂದಳು.

"ಆಲಿಕಲ್ಲು ಯಾಕೆ ಬೀಳತ್ತೆ ಅಂತ ನಿಂಗೇ ಗೊತ್ತಲ್ಲೇ," ಎಂದು ಕೇಳಬೇಕೆಂದಿದ್ದೆ. ಜಗುಲಿಯಲ್ಲಿ ಪಿಳ್ಳಮ್ಮ ನರಳಿದಳು. ಕೇಳದೆಯೇ ಪ್ರಶ್ನೆಪತ್ರಿಕೆ ಮಡಿಸಿಕೊಂಡು ಎದ್ದುಬಂದೆ.

ಫಲಿತಾಂಶ ಬಂತು. ಕೂತವರೆಲ್ಲ ಪಾಸು, ಒಬ್ಬಳನ್ನು ಬಿಟ್ಟು. ಒಂದು ಪತ್ರಿಕೆ ಬರೆಯದವಳು ಫೇಲು. ಬಂಡೆ ಬೆಂಚನ್ನೇ ಖಾಲಿ ಮಾಡಿಸಿ ಕಟ್ಟಿದ ನೂರನ್ನು ಶಾಲೆಯ ಅತ್ಯಂತ ಜಾಣ ಹುಡುಗಿ ಕೆಡಿಸಿದ್ದಳು. ಅದೇ ಜೂನಿನಲ್ಲಿ ಅಪ್ಪನಿಗೆ ಅರಸೀಕೆರೆಗೆ ವರ್ಗವಾಯಿತು. ಟ್ರೈನಿಂಗಿಗೆ ಸೇರಿದವಳು ನಾನು. ನಂಜಿ ಆಗಬೇಕಿದ್ದ ಮೇಷ್ಟ್ರಮ್ಮ ನಾನಾದೆ. ಎಷ್ಟೋ ಊರುಗಳಲ್ಲಿ ಗಣಿತ ಹೇಳಿಕೊಟ್ಟೆ, ಕೆಟ್ಟದಾಗೇನೂ ಹೇಳಿಕೊಡಲಿಲ್ಲ. ಆದರೂ ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಸರಾಗವಾಗಿ ಬಿಡಿಸಿದ ದಿನವೆಲ್ಲ ಈ ಜಾಗ ನನ್ನದಲ್ಲ ಎಂಬ ಅಳುಕು ಒಳಗೆ ಇರುತ್ತಿತ್ತು. ನಂಜಿಯ ಮೇಲೆ ಸಣ್ಣದೊಂದು ಸಿಟ್ಟೂ ಇತ್ತು. ಅಷ್ಟು ತಿಳಿದವಳು ಹೋಗಿ ಹೋಗಿ ಅದನ್ನು ನಂಬಿಬಿಟ್ಟಳಲ್ಲ ಎಂದು. ಬಚ್ಚಪ್ಪನ ಮೇಲಿದ್ದ ಸಿಟ್ಟಂತೂ ಸಣ್ಣದಲ್ಲ. ಎಣಿಸಿದ ಹಾಗೆಯೇ ಅವನು ಅವಳನ್ನು ಮದುವೆಯಾದ.

ಯಲಹಂಕದಲ್ಲಿ ಇಳಿದಾಗ ಮಳೆ ನಿಂತಿತ್ತು. ಶಾಲೆಯ ಮುಂದೆಯೇ ಆಟೋ ಹೋಯಿತು. ಮಕ್ಕಳು ಹೊರಗೆ ಬರುತ್ತಿದ್ದರು. ಯಾದಗಿರಿಯ ಕನ್ನಡ, ಹಿಂದಿ, ನೇಪಾಳಿ, ಏನೇನೋ ಕಿವಿಗೆ ಬಿತ್ತು. ಕಟ್ಟಡ ಕಟ್ಟುವವರ, ಕಾವಲು ಕಾಯುವವರ ಮಕ್ಕಳು. ಊರಿನವರ ಮಕ್ಕಳೆಲ್ಲ ಬಸ್ಸು ಬಂದು ಕರೆದೊಯ್ಯುವ ಶಾಲೆಗಳಿಗೆ. ಅಂದರೆ ಈಗ ಇಡೀ ಶಾಲೆಯೇ ಬಂಡೆ ಬೆಂಚು. ಬಾಗಿಲಲ್ಲಿ ಚಿಕ್ಕ ವಯಸ್ಸಿನ ಟೀಚರೊಬ್ಬಳು ಒಂದು ಮಗುವಿನ ಕಾಲರು ಸರಿಮಾಡುತ್ತಿದ್ದಳು. ನೋಡಿ ಸಂತೋಷವಾಯಿತು.

ದ್ರಾಕ್ಷಿ ತೋಟ ಇದ್ದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ. ಮೇಲೆಲ್ಲ ಇಂಜಿನಿಯರಿಂಗ್ ಹುಡುಗರಿಗೆ ಬಾಡಿಗೆ ರೂಮುಗಳು, ಕೆಳಗೆ ನಂಜಿ ಮತ್ತು ಮಗನ ಸಂಸಾರ. ಬಚ್ಚಪ್ಪ ಹೋಗಿ ವರ್ಷಗಳಾದವು. ಅವಳು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾವು ಆಗೀಗ ಮದುವೆಗಳಲ್ಲಿ ಸಿಕ್ಕಿದವರೇ. ನೆಂಟರ ಗದ್ದಲದಲ್ಲಿ ಮೊಮ್ಮಕ್ಕಳ ವಿಷಯ ಬಿಟ್ಟು ಬೇರೆ ಆಡಿದ್ದಿಲ್ಲ.

"ಏನಮ್ಮಿ ವಸಂತಿ, ಏಳ್ದೆ ಕೇಳ್ದೆ ಬಂದ್‌ಬಿಟ್ಟೆ!"

ಕಾಫಿ ಬಂತು. ಬಸ್ಸಿನಲ್ಲಿ ಬಂದ ವಾಸನೆಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ, ಅಷ್ಟು ಕಾಲ ಕೇಳದೆ ಉಳಿದಿದ್ದ ಮಾತು ತಾನಾಗಿ ಹೊರಗೆ ಬಂತು. "ಕ್ಲಾಸಲ್ಲಿ ಅಷ್ಟು ಚೆನ್ನಾಗಿ ಹೇಳಿದೋಳು ನೀನು. ಪದರ ಪದರ ಅಂತ. ಆದ್ರೂ ಅದನ್ನ ಹೇಗೆ ನಂಬಿದ್ಯೇ?"

"ನಾನೆಲ್ಲಿ ನಂಬಿದ್ದೆ?" ನಂಜಿ ನಕ್ಕಳು. "ನಂಬಿದ್ದೋಳು ನಮ್ಮವ್ವ. ಅವ್ಳು ತಲೆ ಚಚ್ಕಳ್ತಿದ್ಲು ಕಣೆ. ನಾನು ಗುಡ್ಲೊಳಗೆ ಕೂರ್ದೆ ಇದ್ರೆ ಬಾವಿ ಪಾಲಾಗ್ತಿದ್ಲು. ಅದ್ಕೇ ಕುಂತೆ."

"ಬಚ್ಚಪ್ಪನಾದ್ರೂ ಒಂದು ಮಾತು ಹೇಳಬಹುದಿತ್ತು."

ನಂಜಿ ಕಾಫಿ ಲೋಟ ಕೆಳಗಿಟ್ಟಳು. "ಏಳಿದ್ದೋನು ಅವ್ನೇ. ರಾತ್ರಿಯೆಲ್ಲ ಅವ್ವನ ತಾವ ಕುಂತು ಒಪ್ಸಿದ. ಬೆಳಗ್ಗೆ ಮೇಷ್ಟ್ರು ಬಂದೇ ಬರ್ತಾರೆ, ಬಿಡೋರಲ್ಲ. ಅವ್ರು ಬಾಯಿಬಿಟ್ಟು 'ಕಳ್ಸಿ' ಅಂದ್ರೆ ಕಳ್ಸಾನ. ಗುರುಗಳ ಮಾತ್‌ಗೆ ದೋಸ ಇಲ್ಲ ಅಂದ. ಅವ್ವನೂ ಊಂ ಅಂದ್ಲು. ಅವ್ವನೇ ನನ್ ಜಡೆ ಹಾಕಿದ್ದು, ಲಂಗ ಕೊಟ್ಟಿದ್ದು."

ನೀಲಿ ಲಂಗ, ಬಿಗಿದ ಜಡೆ, ಶಾಯಿ ತುಂಬಿದ ಪೆನ್ನು. ಬಂಡೆಯವರ ಗುಡಿಸಲು ಗುಡಿಸಲಿಗೂ ಹೋಗಿ ಕಳಿಸಬೇಡಿ ಎಂದು ಹೇಳಿ ಬಂದ ಬಾಯಿ ಮೇಷ್ಟ್ರದು. ಕಳಿಸಿ ಅನ್ನುವ ಒಂದು ಮಾತಿಗೆ ಅದು ಏಳಲಿಲ್ಲ. ಅವನು ಹೇಳಲಿ ಎಂದು ಇವರು, ಇವರು ಕೇಳಲಿ ಎಂದು ಅವನು, ಇಬ್ಬರೂ ಮರ್ಯಾದಸ್ಥರು. ನಡುವೆ ಹಸಿ ಸೊಪ್ಪಿನ ಒಂದು ಗೋಡೆ.

"ಆವತ್ತೇ ಯಾಕೆ ನನಗೆ ಹೇಳಲಿಲ್ವೇ ನಂಜಿ? ಓಡಿಹೋಗಿ ಅವರಿಗೆ ಹೇಳ್ತಿದ್ದೆ. ಮುಂದಿನ ವರ್ಷನಾದ್ರೂ ಬಂದು ಕರೀತಿದ್ರು."

"ಎಂಗೆ ಏಳೋದು? ಮೇಷ್ಟ್ರ ಮೇಲೆ ದೂರು ಏಳ್ದಂಗೆ ಆಗಾಕಿಲ್ವಾ? ಒಳ್ಳೇರು ಕಣೆ ಅವ್ರು, ಪಾಪ." ಅವಳು ಸೆರಗಿನಿಂದ ಮೊಣಕಾಲ ಮೇಲಿನ ಧೂಳು ಕೊಡವಿದಳು. ಮೇಲಿನ ರೂಮಿನಲ್ಲಿ ಹುಡುಗರು ಏನಕ್ಕೋ ಕೂಗಾಡಿ ನಕ್ಕರು. ಅದು ನಿಲ್ಲುವವರೆಗೆ ಕಾದು ಹೇಳಿದಳು.

"ಗುಡ್ಲೊಳಗೆ ಏನೂ ಕಾಣ್ತಿರ್‌ಲಿಲ್ಲ ವಸಂತಿ. ಸದ್ದು ಮಾತ್ರ. ಸೈಕಲ್ ಸ್ಟ್ಯಾಂಡ್ ಹಾಕಿದ್ ಸದ್ದು ಕೇಳ್ತು, ಟಣ್ ಅಂತ. ಪೆನ್ನು ತಕ್ಕೊಂಡು ಎದ್ ನಿಂತ್ಕಂಡೆ. ಹುಷಾರಾಗಿದಾಳಾ ಅಂದ್ರು. ಮಾವ ಊಂ ಸಾಮಿ ಅಂದ. ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ಸೊಪ್ಪು ಇಡ್ಕಂಡು ನಿಂತಿದ್ದೆ. ಇನ್ನೊಂದ್ ಸಲ ಟಣ್ ಅಂತು."